ಬೆಣ್ಣೆ ನೆಟ್ಟ ಬಾಂದುಕಲ್ಲುಗಳು

ಅಂದು ಭಾನುವಾರ. ಹುಬ್ಬಳ್ಳಿಯಿಂದ ನನ್ನ ಅಣ್ಣ, ಅತ್ತಿಗೆ ಬಂದಿದ್ದರು. ಹಜಾರದ ಮೂಲೆಯಲ್ಲಿಟ್ಟಿದ್ದ ಅವರ ಸೂಟ್‌ಕೇಸನ್ನು ನಮ್ಮ ಬೆಣ್ಣೆ ಎರಡು ಸುತ್ತು ಹಾಕಿ ಮೂಸಿದ. “ನೋಡಮ್ಮಾ, ಮಾವನ ಮೇಲೆ ಎಷ್ಟು ಪ್ರೀತಿ ಇವನಿಗೆ!” ಎಂದು ಮಗಳು ಪುಟ್ಟಿ ಹೇಳಿ ಮುಗಿಸುವಷ್ಟರಲ್ಲಿ ಅವನ ಹಿಂಗಾಲು ಮೇಲೆದ್ದಿತ್ತು. ಸೂಟ್‌ಕೇಸಿನ ಮೇಲೆ ನಾಲ್ಕೇ ನಾಲ್ಕು ಹನಿ. ಅತ್ತಿಗೆ ನಕ್ಕರು. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು.

ಬೆಣ್ಣೆ ನಮ್ಮ ಮನೆಯ ಬಿಳಿ ಸ್ಪಿಟ್ಜ್ ನಾಯಿ. ನಮ್ಮ ಕಡೆ ಎಲ್ಲರೂ ಪಮೇರಿಯನ್ ಎಂದೇ ಕರೆಯುವ ಜಾತಿ. ತೂಕ 7 ಕಿಲೋ. 2 ತಿಂಗಳ ಮರಿಯಾಗಿ ಮೈಸೂರಿನ ನಮ್ಮ ಮನೆಗೆ ಬಂದವನು, 5 ತಿಂಗಳು ತುಂಬುವಷ್ಟರಲ್ಲಿ ಹೊರಗೆ ಹೋಗಬೇಕೆನಿಸಿದರೆ ಬಾಗಿಲ ಬಳಿ ನಿಂತು ಕುಂಯ್‌ಗುಡುವುದನ್ನು ಕಲಿತಿದ್ದ. ಬಂದವರ ಮುಂದೆಲ್ಲ ‘ನಮ್ಮ ಬೆಣ್ಣೆ ಬಹಳ ಶಿಸ್ತು’ ಎಂದು ನಾನು ಬೀಗಿದ್ದೆ. 8ನೇ ತಿಂಗಳಿಗೆ ಆ ಶಿಸ್ತೆಲ್ಲ ಎಲ್ಲಿ ಹೋಯಿತೋ! ಸೂಟ್‌ಕೇಸಿನ ನಂತರ ಚಪ್ಪಲಿ ಸ್ಟ್ಯಾಂಡು, ಸೋಫಾದ ಕಾಲು, ಪರದೆಯ ಅಂಚು, ಪುಟ್ಟಿಯ ಸ್ಕೂಲ್ ಬ್ಯಾಗು... ಕೊನೆಗೆ ಒಂದು ಶುಕ್ರವಾರ ಬೆಳಿಗ್ಗೆ ದೇವರಮನೆಯ ಬಾಗಿಲ ಚೌಕಟ್ಟು.

ಹಬ್ಬದವರೆಗೆ ಮಾತ್ರ

ಅತ್ತೆ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಇನ್ನೊಮ್ಮೆ ಸ್ನಾನ ಮಾಡಿ ಬಂದು, “ನೋಡಮ್ಮಾ, ಗೌರಿ ಹಬ್ಬದವರೆಗೆ ನೋಡೋಣ. ಅಷ್ಟರಲ್ಲಿ ಇವನು ಸರಿಹೋಗದಿದ್ದರೆ ಎಲ್ಲಾದರೂ ತೋಟದ ಮನೆಗೆ ಕೊಟ್ಟುಬಿಡಿ” ಎಂದರು. ನನ್ನ ಯಜಮಾನರು ತಲೆಯಾಡಿಸಿದರು. ನಂಜನಗೂಡಿನ ಕಡೆ ತೋಟವಿರುವ ಪರಿಚಯದವರೊಬ್ಬರಿಗೆ ಫೋನನ್ನೂ ಮಾಡಿದರು. ಅದನ್ನು ಕೇಳಿಸಿಕೊಂಡ ಪುಟ್ಟಿ ಆ ರಾತ್ರಿ ಊಟ ಮಾಡದೆ ಮಲಗಿದಳು.

ಮಾರನೆಯ ದಿನ ನಾನೊಂದು ತಪ್ಪು ಮಾಡಿದೆ. ಸೋಫಾದ ಪಕ್ಕ ಒದ್ದೆಯಾಗಿದ್ದನ್ನು ಕಂಡು ಸಿಟ್ಟು ನೆತ್ತಿಗೇರಿತು. ಬೆಣ್ಣೆಯನ್ನು ಎಳೆತಂದು, ಮೂತಿಯನ್ನು ಅಲ್ಲಿಗೆ ಒತ್ತಿ, ಸುರುಳಿ ಸುತ್ತಿದ ದಿನಪತ್ರಿಕೆಯಿಂದ ಎರಡು ಏಟು ಕೊಟ್ಟೆ. ‘ಹೀಗೆ ಮಾಡಿದರೇನೇ ಬುದ್ಧಿ ಬರೋದು’ ಎಂದು ಯಾರೋ ಹೇಳಿದ್ದು ತಲೆಯಲ್ಲಿತ್ತು. ಅವನಿಗೆ ಬುದ್ಧಿ ಬಂದದ್ದು ನಿಜ, ಆದರೆ ನಾನು ಬಯಸಿದ ಬುದ್ಧಿಯಲ್ಲ. ಅಂದಿನಿಂದ ಕಣ್ಣೆದುರು ಮಾಡುವುದನ್ನು ಬಿಟ್ಟು ಸೋಫಾದ ಹಿಂದೆ, ಮಂಚದ ಕೆಳಗೆ ಮಾಡತೊಡಗಿದ. ಅದಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಕಾಫಿ ಲೋಟ ಹಿಡಿದು ನಾನು ಪೇಪರ್ ಬಿಡಿಸಿದರೆ ಸಾಕು, ಬಾಲ ಮುದುರಿಕೊಂಡು ಕೋಣೆಯಿಂದ ಹೊರಗೆ ಹೋಗಿಬಿಡುತ್ತಿದ್ದ. ದಿನಾ ನನ್ನ ಪಾದದ ಮೇಲೆ ತಲೆಯಿಟ್ಟು ಮಲಗುತ್ತಿದ್ದ ಜೀವ ಅದು. ಆ ನೋವು ನನ್ನನ್ನು ಪಶುವೈದ್ಯರ ಬಳಿಗೆ ಓಡಿಸಿತು.

ವೈದ್ಯರು ಕೇಳಿದ ಮೂರು ಪ್ರಶ್ನೆ

ಅವರು ಮೊದಲು ಕೇಳಿದ್ದು, “ಎಷ್ಟು ಮಾಡುತ್ತಾನೆ, ಎಲ್ಲಿ ಮಾಡುತ್ತಾನೆ, ಯಾವಾಗಿನಿಂದ?” ಎಂದು. ತಡೆಯಲಾರದೆ ಮೂತ್ರ ಮಾಡುವುದು ಬೇರೆ, ಗುರುತು ಹಾಕುವುದು ಬೇರೆಯಂತೆ. ನೆಲದ ಮೇಲೆ ದೊಡ್ಡದಾಗಿ ಹರಡಿದ್ದರೆ ಹೊರಗೆ ಕರೆದೊಯ್ಯುವುದು ಸಾಲುತ್ತಿಲ್ಲ, ಅಭ್ಯಾಸ ಪೂರ್ತಿಯಾಗಿಲ್ಲ, ಇಲ್ಲವೇ ಆರೋಗ್ಯ ಕೆಟ್ಟಿದೆ ಎಂದರ್ಥ. ನಿಂತ ವಸ್ತುವಿನ ಮೇಲೆ ಕಾಲೆತ್ತಿ ನಾಲ್ಕು ಹನಿ ಸಿಂಪಡಿಸಿದರೆ ಅದು ಗುರುತು. ಗಂಡು ನಾಯಿಗಳಲ್ಲಿ ಸಾಮಾನ್ಯವಾಗಿ ಪ್ರಾಯಕ್ಕೆ ಬರುವ ಹೊತ್ತಿಗೆ, ಅಂದರೆ 6ರಿಂದ 12 ತಿಂಗಳ ನಡುವೆ, ಇದು ಶುರುವಾಗುತ್ತದೆ. ಹೆಣ್ಣು ನಾಯಿಗಳೂ ಹೀಗೆ ಮಾಡುವುದುಂಟು.

ಆದರೂ ಅವರು ಮೂತ್ರ ಪರೀಕ್ಷೆ ಮಾಡಿಸದೆ ಬಿಡಲಿಲ್ಲ. ಮೂತ್ರನಾಳದ ಸೋಂಕು, ಮೂತ್ರಕೋಶದ ಕಲ್ಲು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಇವುಗಳಲ್ಲಿ ಯಾವುದಿದ್ದರೂ ನಾಯಿ ಮನೆಯೊಳಗೆ ಒದ್ದೆ ಮಾಡಬಹುದು. ಬೆಣ್ಣೆಯ ವರದಿಯಲ್ಲಿ ಯಾವ ದೋಷವೂ ಇರಲಿಲ್ಲ.

“ಮೇಡಂ, ಅವನು ನಿಮ್ಮ ಮೇಲೆ ಸೇಡು ತೀರಿಸಿಕೊಳ್ಳುತ್ತಿಲ್ಲ. ನಾವು ಗೇಟಿಗೆ ಹೆಸರಿನ ಫಲಕ ಹಾಕಿಕೊಳ್ಳುವುದಿಲ್ಲವೇ? ಹಾಗೆ” ಎಂದರು ವೈದ್ಯರು. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು 50-60 ಲಕ್ಷವಾದರೆ, ನಾಯಿಯ ಮೂಗಿನಲ್ಲಿ ತಳಿಗನುಗುಣವಾಗಿ 10 ಕೋಟಿಗೂ ಮೇಲೆ. ಒಂದು ಹನಿ ಮೂತ್ರದಿಂದಲೇ ಬಂದವನು ಗಂಡೋ ಹೆಣ್ಣೋ, ಪರಿಚಿತನೋ ಅಪರಿಚಿತನೋ ಎಂದು ಇನ್ನೊಂದು ನಾಯಿ ಓದಿಬಿಡುತ್ತದೆ. ಮನೆಗೆ ಹೊಸ ವಾಸನೆ ಬಂದಾಗ, ಮನಸ್ಸಿಗೆ ದಿಗಿಲಾದಾಗ ತನ್ನ ವಾಸನೆಯನ್ನೂ ಪಕ್ಕದಲ್ಲಿ ಬರೆದಿಡಬೇಕೆಂದು ಅದಕ್ಕೆ ಅನಿಸುತ್ತದೆ. ಯಾವಾಗಲೋ ಮಾಡಿದ್ದಕ್ಕೆ ಈಗ ಹೊಡೆದರೆ ಏಕೆಂದು ಅದಕ್ಕೆ ತಿಳಿಯುವುದಿಲ್ಲ. ದಿಗಿಲು ಮಾತ್ರ ಹೆಚ್ಚುತ್ತದೆ. ದಿಗಿಲು ಹೆಚ್ಚಿದರೆ ಗುರುತೂ ಹೆಚ್ಚುತ್ತದೆ. ನನ್ನ ಎರಡು ಏಟಿನ ಲೆಕ್ಕ ಅಲ್ಲಿ ನನಗೆ ಸಿಕ್ಕಿತು.

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ, ಸರ್ವೇ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಮಾವ ಗಟ್ಟಿಯಾಗಿ ನಕ್ಕರು. “ಅಂದರೆ ಬಾಂದುಕಲ್ಲು ನೆಡ್ತಿದ್ದಾನೆ ಅನ್ನು! ನಾನು ಜೀವನಪೂರ್ತಿ ಮಾಡಿದ್ದೂ ಅದೇ ಕೆಲಸ ಕಣಮ್ಮಾ.”

ಗಾತ್ರ ಚಿಕ್ಕದು, ಸಹಿ ದೊಡ್ಡದು

ಚಿಕ್ಕ ನಾಯಿಗಳಿಗೆ ಈ ಚಾಳಿ ಹೆಚ್ಚೇ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಬೆಟ್ಟಿ ಮೆಕ್‌ಗ್ವೈರ್ ಮತ್ತು ಸಂಗಡಿಗರು ಆಶ್ರಯಧಾಮಗಳಲ್ಲಿದ್ದ ಗಂಡು ನಾಯಿಗಳು ಕಾಲೆತ್ತುವುದನ್ನು ವಿಡಿಯೋ ಮಾಡಿ, ಕಾಲಿನ ಕೋನವನ್ನು ಅಳೆದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಚಿಕ್ಕ ನಾಯಿಗಳು ಕಾಲನ್ನು ಹೆಚ್ಚು ಓರೆಯಾಗಿ ಮೇಲೆತ್ತಿ, ತಮ್ಮ ಗಾತ್ರಕ್ಕೆ ಮೀರಿದ ಎತ್ತರಕ್ಕೆ ಗುರುತು ಹಾಕುತ್ತವೆ. ಎದುರುಬದುರು ಜಗಳಕ್ಕಿಳಿಯುವ ಬದಲು ವಾಸನೆಯಲ್ಲೇ ‘ನಾನು ದೊಡ್ಡವನು’ ಎಂದು ಹೇಳಿ ಮುಗಿಸುವ ಉಪಾಯ ಇದಿರಬಹುದು ಎಂಬುದು ಅವರ ಊಹೆ.

ನಮ್ಮ ಪಾಲಿನ ತಪ್ಪೂ ಇದೆ. ದೊಡ್ಡ ನಾಯಿ ಮಾಡಿದ್ದು ತಕ್ಷಣ ಕಾಣುತ್ತದೆ. ಚಿಕ್ಕದರ ನಾಲ್ಕು ಹನಿ ಒಣಗಿಹೋದ ಮೇಲೂ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಅಭ್ಯಾಸ ಬೇರೂರಿರುತ್ತದೆ. ಜೊತೆಗೆ, ‘ಪಾಪ ಚಿಕ್ಕದು’ ಎಂದು ಎತ್ತಿಕೊಂಡೇ ತಿರುಗುತ್ತೇವೆ. ಹೊರಗೆ ಮೂಸಿ, ಗುರುತು ಹಾಕುವ ಅವಕಾಶವೇ ಇಲ್ಲದಿದ್ದರೆ ಅದು ಒಳಗೆ ತಾನೇ ಹಾಕಬೇಕು?

ಪುಟ್ಟಿಯ ನಕ್ಷೆ

ಮಾವ ಮತ್ತು ಪುಟ್ಟಿ ಸೇರಿ ಗ್ರಾಫ್ ಹಾಳೆಯ ಮೇಲೆ ಮನೆಯ ನಕ್ಷೆ ಬರೆದರು. ಅಳತೆಪಟ್ಟಿ ಹಿಡಿದ ಮಾವನಿಗೆ ಹತ್ತು ವರ್ಷ ಕಡಿಮೆಯಾದಂತಿತ್ತು. ಬೆಣ್ಣೆ ಎಲ್ಲಿ ಕಾಲೆತ್ತಿದರೂ ಪುಟ್ಟಿ ಅಲ್ಲೊಂದು ಕೆಂಪು ಚುಕ್ಕೆ ಇಡಬೇಕು. ನೋಟು ಪರೀಕ್ಷಿಸಲು ಅಂಗಡಿಯವರು ಬಳಸುವ ನೇರಳೆ ಬೆಳಕಿನ ಟಾರ್ಚನ್ನು ಯಜಮಾನರು ತಂದರು. ರಾತ್ರಿ ದೀಪವಾರಿಸಿ ಹಾಯಿಸಿದರೆ ಒಣಗಿದ ಮೂತ್ರದ ಕಲೆಗಳು ಹಳದಿ-ಹಸಿರಾಗಿ ಹೊಳೆದವು! ನಾವು ಒರೆಸಿಯಾಯಿತು ಎಂದುಕೊಂಡಿದ್ದ ಜಾಗಗಳೂ ಅದರಲ್ಲಿದ್ದವು. ನಕ್ಷೆಯಲ್ಲಿ ಒಟ್ಟು 19 ಚುಕ್ಕೆ.

ನಕ್ಷೆಯನ್ನು ಗೋಡೆಗೆ ಅಂಟಿಸಿದಾಗ ನಮಗೆ ಕಂಡದ್ದಿಷ್ಟು. ಒಂದು ಗುಂಪು ಚಪ್ಪಲಿ ಸ್ಟ್ಯಾಂಡಿನ ಸುತ್ತ: ಬೀದಿನಾಯಿಗಳ ವಾಸನೆ ನಮ್ಮ ಚಪ್ಪಲಿಯ ಜೊತೆ ಮನೆಗೆ ಬರುತ್ತಿತ್ತು. ಇನ್ನೊಂದು ಹಜಾರದ ತಗ್ಗು ಕಿಟಕಿಯ ಕೆಳಗೆ: ಪಕ್ಕದ ಮನೆಯವರು ಆಗಷ್ಟೇ ತಂದಿದ್ದ ನಾಯಿ ಅಲ್ಲಿಂದ ಕಾಣುತ್ತಿತ್ತು. ಮೂರನೆಯದು ಹೊರಗಿನಿಂದ ಬಂದ ವಸ್ತುಗಳು. ಅಣ್ಣನ ಮನೆಯಲ್ಲೂ ನಾಯಿಯಿದೆ ಎಂಬುದು ಆಗ ನೆನಪಾಯಿತು. ದೇವರಮನೆಯ ಚೌಕಟ್ಟಿದ್ದದ್ದು ಆ ಕಿಟಕಿಯಿಂದ ಮೂರೇ ಹೆಜ್ಜೆ ದೂರದಲ್ಲಿ. ಬೆಣ್ಣೆಗೆ ದೇವರ ಮೇಲೆ ಕೋಪವಿರಲಿಲ್ಲ!

ನಾವು ಮಾಡಿದ್ದು

ಮೊದಲನೆಯದು ಶುಚಿ. ಅಮೋನಿಯಾ ಇರುವ ದ್ರಾವಣ ಬಳಸಲೇಬಾರದು. ಹಳೆಯ ಮೂತ್ರದ ವಾಸನೆಯಲ್ಲೂ ಅಮೋನಿಯಾ ಇರುವುದರಿಂದ ನಾಯಿಗೆ ಅದು ಆಹ್ವಾನ ಕೊಟ್ಟಂತೆ. ಫಿನಾಯಿಲ್‌ನ ಘಾಟು ನಮ್ಮ ಮೂಗಿಗೆ ಮಾತ್ರ ವಾಸನೆ ಮುಚ್ಚುತ್ತದೆ, ಅದು ನಾಯಿಯ ಮೈಗೂ ಒಳ್ಳೆಯದಲ್ಲ. ಹಳೆ ಬಟ್ಟೆಯಿಂದ ಒತ್ತಿ ತೆಗೆದು, ನೀರಿನಿಂದ ಒರೆಸಿ, ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವಯುಕ್ತ ದ್ರಾವಣ ಹಾಕಿ, ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟೆವು. ಕಿಣ್ವಗಳು ವಾಸನೆಯ ಮೂಲವನ್ನೇ ಒಡೆಯುತ್ತವೆ.

ಎರಡನೆಯದು ಕಾರಣಗಳನ್ನು ದೂರ ಮಾಡುವುದು. ಚಪ್ಪಲಿ ಸ್ಟ್ಯಾಂಡ್ ಜಗಲಿಗೆ ಹೋಯಿತು. ಕಿಟಕಿಯ ಕೆಳಭಾಗಕ್ಕೆ ಹಾಳೆ ಅಂಟಿಸಿದೆವು. ಬ್ಯಾಗುಗಳೆಲ್ಲ ಮೇಜಿನ ಮೇಲೆ. ಪದೇ ಪದೇ ಗುರುತು ಬೀಳುತ್ತಿದ್ದ ಸೋಫಾದ ಪಕ್ಕ ಅವನ ಊಟದ ತಟ್ಟೆ ಇಟ್ಟೆವು; ಉಣ್ಣುವ ಜಾಗವನ್ನು ನಾಯಿಗಳು ಸಾಮಾನ್ಯವಾಗಿ ಹೊಲಸು ಮಾಡುವುದಿಲ್ಲ.

ಮೂರನೆಯದು ಕಣ್ಗಾವಲು. ಯಾರಾದರೊಬ್ಬರ ಕಣ್ಣು ಅವನ ಮೇಲೆ. ಮೂಸುತ್ತಾ ಸುತ್ತು ಹಾಕಿದ ಕೂಡಲೇ ಗದರದೆ “ಬೆಣ್ಣೆ, ಬಾ” ಎಂದು ಕರೆದು ಹೊರಗೆ ಒಯ್ಯುವುದು, ಅಲ್ಲಿ ಮಾಡಿದರೆ ಬೆನ್ನು ತಟ್ಟಿ ಒಂದು ಚೂರು ಬೇಯಿಸಿದ ಕ್ಯಾರೆಟ್. ಬೆಳಿಗ್ಗೆ, ಸಂಜೆ ಅರ್ಧ ಗಂಟೆ ನಡಿಗೆ. ಅವನು ಮೂಸುವಷ್ಟು ಹೊತ್ತು ನಾವು ನಿಲ್ಲಬೇಕು.

ವೈದ್ಯರ ಸಲಹೆಯಂತೆ ಜುಲೈನಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯೂ ಆಯಿತು. ಇದರಿಂದ ಬಹಳಷ್ಟು ಗಂಡು ನಾಯಿಗಳಲ್ಲಿ ಗುರುತು ಹಾಕುವುದು ಕಡಿಮೆಯಾಗುತ್ತದೆ. ಆದರೆ ಅದೇನೂ ಮಂತ್ರವಲ್ಲ. ಪರಿಣಾಮ ಕಾಣಲು ಕೆಲವು ವಾರ ಬೇಕು, ಅಭ್ಯಾಸವಾಗಿಹೋಗಿದ್ದರೆ ತರಬೇತಿಯೂ ಬೇಕು.

ಪ್ರತಿ ವಾರ ಪುಟ್ಟಿ ಹೊಸ ನಕ್ಷೆ ಅಂಟಿಸಿದಳು. 11 ಚುಕ್ಕೆ, 12, 7, 4, ಮತ್ತೆ 6, ಆಮೇಲೆ 2. ಚುಕ್ಕೆ ಹೆಚ್ಚಾದ ವಾರ ಅವಳ ಮುಖ ನೋಡಲಾಗುತ್ತಿರಲಿಲ್ಲ. “ಸರ್ವೇ ಕೆಲಸ ಒಂದೇ ದಿನಕ್ಕೆ ಮುಗಿಯಲ್ಲ ಪುಟ್ಟಿ” ಎಂದು ಮಾವ ಸಮಾಧಾನ ಹೇಳುತ್ತಿದ್ದರು.

ಬಾಳೆಕಂಬದ ಪರೀಕ್ಷೆ

ಗೌರಿ ಹಬ್ಬ ಬಂತು. ಬಾಗಿಲ ಎರಡೂ ಕಡೆ ಮಾರುಕಟ್ಟೆಯಿಂದ ತಂದ ಬಾಳೆಕಂಬ! ಹೊಸ ವಾಸನೆ, ನೆಟ್ಟಗೆ ನಿಂತ ವಸ್ತು. ನಾಯಿಗೆ ಇದಕ್ಕಿಂತ ಒಳ್ಳೆಯ ಬಾಂದುಕಲ್ಲು ಬೇಕೇ? ಬೆಣ್ಣೆ ಹತ್ತಿರ ಹೋದ, ಮೂಸಿದ, ಒಂದು ಸುತ್ತು ಹಾಕಿದ. ಹಿಂಗಾಲು ನೆಲ ಬಿಡುತ್ತಿತ್ತು. “ಬೆಣ್ಣೆ, ಬಾ” ಎಂದಳು ಪುಟ್ಟಿ, ದನಿ ನಡುಗುತ್ತಿತ್ತು. ಅವನು ಬಾಳೆಕಂಬವನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ಕಾಲಿಳಿಸಿ ಅವಳ ಹಿಂದೆ ಓಡಿದ. ಅತ್ತೆ ಎಲ್ಲವನ್ನೂ ನೋಡಿದ್ದರು, ಏನೂ ಹೇಳಲಿಲ್ಲ. ನಂಜನಗೂಡಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಬೆಣ್ಣೆ ಪೂರ್ತಿ ಸರಿಹೋದ ಎಂದು ಹೇಳಿದರೆ ಸುಳ್ಳಾಗುತ್ತದೆ. ದೀಪಾವಳಿಯ ರಾತ್ರಿ ಪಟಾಕಿಯ ಸದ್ದಿಗೆ ನಡುಗಿ ಬೀರುವಿನ ಕಾಲಿಗೆ ಮತ್ತೆ ಗುರುತು ಹಾಕಿದ. ನಾನು ಏಳುವ ಮೊದಲೇ ಅತ್ತೆ ಎದ್ದು ಆ ದ್ರಾವಣದ ಬಾಟಲಿ ತಂದರು. “ಬೈಬೇಡ್ರೇ ಯಾರೂ. ಹೆದರಿದಾನೆ ಪಾಪ” ಎಂದರು.

ಈಗ ನಾನು ಪೇಪರ್ ಓದುವಾಗ ಬೆಣ್ಣೆ ಕೋಣೆ ಬಿಟ್ಟು ಹೋಗುವುದಿಲ್ಲ. ಪಾದದ ಮೇಲೆ ತಲೆಯಿಡಲು ಮಾತ್ರ ಮತ್ತೆ ಆರು ತಿಂಗಳು ತೆಗೆದುಕೊಂಡ.

ನೆನಪಿರಲಿ

• ಹೊಸದಾಗಿ ಶುರುವಾದರೆ ಮೊದಲು ಪಶುವೈದ್ಯರಿಗೆ ತೋರಿಸಿ. ಮೂತ್ರದಲ್ಲಿ ರಕ್ತ ಕಂಡರೆ, ತಿಣುಕುತ್ತಿದ್ದರೆ, ವಿಪರೀತ ನೀರು ಕುಡಿಯುತ್ತಿದ್ದರೆ ತಡಮಾಡಬೇಡಿ.

• ಹೊಡೆಯುವುದು, ಮೂತಿ ಒತ್ತುವುದು ಬೇಡ.

• ವಾಸನೆ ಮುಚ್ಚಬೇಡಿ, ತೆಗೆಯಿರಿ. ಒರೆಸಿದ ಜಾಗ ಒಣಗುವವರೆಗೆ ನಾಯಿಯನ್ನು ದೂರವಿಡಿ.

• ಸಂತಾನಹರಣ ಶಸ್ತ್ರಚಿಕಿತ್ಸೆ ಯಾವ ವಯಸ್ಸಿಗೆ ಎಂಬುದನ್ನು ವೈದ್ಯರೇ ನಿರ್ಧರಿಸಲಿ.

• ಹೊಟ್ಟೆಗೆ ಸುತ್ತುವ ಬಟ್ಟೆಪಟ್ಟಿ ನೆಲವನ್ನು ಉಳಿಸುತ್ತದೆ, ಅಭ್ಯಾಸ ಬಿಡಿಸುವುದಿಲ್ಲ. ಒದ್ದೆಯಾದ ಕೂಡಲೇ ಬದಲಿಸದಿದ್ದರೆ ಚರ್ಮ ಕೆಡುತ್ತದೆ.

• ಮಕ್ಕಳೇ, ನಕ್ಷೆ ಬರೆಯುವ ಕೆಲಸ ನಿಮ್ಮದು!