ಇಪ್ಪತ್ತಾರು ಹೆಜ್ಜೆಗೆ ಬ್ರಹ್ಮಾಂಡ

ಗೋಡೆಗೆ ಒರಗಿ ನಿಂತ ಹುಡುಗಿಯ ಎತ್ತರ 1.25 ಮೀಟರ್. ಇದನ್ನು ಹತ್ತರಿಂದ ಭಾಗಿಸುತ್ತಾ ಹೋದರೆ ಎಷ್ಟನೇ ಸಲಕ್ಕೆ ಪರಮಾಣು ಸಿಗುತ್ತದೆ? ಸಾವಿರ? ಲಕ್ಷ? ಬರೀ ಹತ್ತನೇ ಸಲಕ್ಕೆ!

ಕರಿಹಲಗೆಯ ಮೇಲೆ ಸ್ಥಾನಬೆಲೆಯ ಮನೆಗಳನ್ನು ಎಳೆಯಿರಿ: ಬಿಡಿ, ದಶಾಂಶ, ಶತಾಂಶ, ಸಹಸ್ರಾಂಶ. ಬಿಂದು ಬಿಡಿಯ ಪಕ್ಕದಲ್ಲಿ ಕದಲದೆ ಕೂತಿರಲಿ. 1, 2, 5 ಮೂರೂ ಅಂಕಿಗಳು ಒಂದೊಂದು ಮನೆ ಬಲಕ್ಕೆ ಸರಿಯಲಿ, ಖಾಲಿಯಾದ ಬಿಡಿಯ ಮನೆಗೆ ಸೊನ್ನೆ ಬರಲಿ. ಸಿಕ್ಕಿತು 0.125 ಮೀಟರ್, ಬಳಸಿ ಸವೆದ ಪೆನ್ಸಿಲ್‌ನಷ್ಟು. ಎರಡನೇ ಸಲ 0.0125, ಬೆರಳಿನ ಅಗಲ. ಮೂರನೇ ಸಲ 0.00125, ಸಾಸಿವೆ ಕಾಳು! ನಾಲ್ಕನೇ ಸಲಕ್ಕೆ ದಪ್ಪನೆಯ ತಲೆಗೂದಲು, ಆರನೆಯದಕ್ಕೆ ಬ್ಯಾಕ್ಟೀರಿಯಾ, ಏಳನೆಯದಕ್ಕೆ ಕೊರೋನಾ ವೈರಸ್, ಹತ್ತನೆಯದಕ್ಕೆ ಪರಮಾಣು. ಇನ್ನೈದೇ ಸಲ ಭಾಗಿಸಿ, ಪರಮಾಣುವಿನ ಹೊಟ್ಟೆಯೊಳಗಿನ ಪ್ರೋಟಾನಿನ ಗಾತ್ರಕ್ಕೆ ಇಳಿದಿರುತ್ತೀರಿ.

ಈಗ ದೊಡ್ಡದಕ್ಕೆ ಕೈ ಹಾಕೋಣ. ಭೂಮಿಯ ವ್ಯಾಸ 1,27,42,000 ಮೀಟರ್. ಕೋಟಿಯಿಂದ ಭಾಗಿಸಿ, ಅಂದರೆ ಏಳು ಮನೆ ಸರಿಸಿ: 1.2742. ಇಡೀ ಭೂಮಿ ಆ ಹುಡುಗಿಯ ಪಕ್ಕದಲ್ಲಿ, ಹೆಚ್ಚುಕಡಿಮೆ ಅವಳಷ್ಟೇ ಎತ್ತರಕ್ಕೆ ಬಂದು ನಿಂತಿತು! ಸುಮಾರು 13 ಲಕ್ಷ ಭೂಮಿಗಳನ್ನು ನುಂಗಬಲ್ಲ ಸೂರ್ಯನ ವ್ಯಾಸ 139 ಕೋಟಿ ಮೀಟರ್. ಒಂಬತ್ತು ಮನೆ ಸರಿಸಿದರೆ 1.39. ಅಂಥ ಸೂರ್ಯನಿಗೆ ಭೂಮಿಗಿಂತ ಬೇಕಾದದ್ದು ಎರಡೇ ಹೆಜ್ಜೆ ಹೆಚ್ಚು!

ಒಂದೇ ಸೆಕೆಂಡಿನಲ್ಲಿ ಭೂಮಿಗೆ ಏಳೂವರೆ ಸುತ್ತು ಹಾಕುವಷ್ಟು ದೂರ ಓಡುತ್ತದೆ ಬೆಳಕು. ಅದು ವರ್ಷವಿಡೀ ಓಡಿದರೆ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್. ಹದಿಮೂರು ಮನೆ ಸರಿಸಿ: 0.946 ಕಿಲೋಮೀಟರ್. ಒಂದು ಜ್ಯೋತಿರ್ವರ್ಷ ಹತ್ತು ಹನ್ನೆರಡು ನಿಮಿಷದ ನಡಿಗೆಯಾಯಿತು! ಅಂಥ ಲಕ್ಷ ಜ್ಯೋತಿರ್ವರ್ಷಗಳಷ್ಟು ಹರಡಿರುವ ಆಕಾಶಗಂಗೆ 21 ಹೆಜ್ಜೆಗೆ ಒಂದು ಮೇಜಿನ ಉದ್ದಕ್ಕೆ ಇಳಿಯುತ್ತದೆ.

ಕೊನೆಗೆ ಎಲ್ಲಕ್ಕಿಂತ ದೊಡ್ಡದು. ನಮಗೆ ಕಾಣಬಲ್ಲ ಬ್ರಹ್ಮಾಂಡದ ವ್ಯಾಸ ಸುಮಾರು 9,300 ಕೋಟಿ ಜ್ಯೋತಿರ್ವರ್ಷ. ಮೀಟರಿನಲ್ಲಿ ಬರೆದರೆ 88ರ ಮುಂದೆ 25 ಸೊನ್ನೆ! ಇಪ್ಪತ್ತಾರು ಸಲ ಹತ್ತರಿಂದ ಭಾಗಿಸಿ: 8.8 ಮೀಟರ್. ಕೋಟ್ಯಂತರ ನಕ್ಷತ್ರಗಳ ಸಮೇತ ಬ್ರಹ್ಮಾಂಡ ತರಗತಿಯ ಕೋಣೆಯೊಳಗೆ!

ಒಂದೇ ಒಂದು ಸೊನ್ನೆ ತಪ್ಪಿದರೆ ವೈರಸ್ ಬ್ಯಾಕ್ಟೀರಿಯಾ ಆಗಿಬಿಡುತ್ತದೆ. ಮಕ್ಕಳಿಗೆ ಸೊನ್ನೆಯ ಬೆಲೆ ಗೊತ್ತಾಗುವುದು ಇಲ್ಲೇ. ಅಳತೆಪಟ್ಟಿ ಕೊಟ್ಟು ಮೊದಲ ಮೂರು ಹೆಜ್ಜೆಗಳನ್ನು ಅವರಿಂದಲೇ ಅಳೆಯಿಸಿ, ಉಳಿದದ್ದನ್ನು ಬರೆಯಿಸಿ. ಪ್ರೋಟಾನಿನಿಂದ ಬ್ರಹ್ಮಾಂಡದ ತನಕ ಒಟ್ಟು 41 ಹೆಜ್ಜೆ. ಇರುವುದೆಲ್ಲವೂ ನೋಟ್‌ಬುಕ್ಕಿನ ಎರಡೇ ಪುಟಗಳಲ್ಲಿ ಮುಗಿಯುತ್ತದೆ!