ಹಾಡಿಗೆ ಗಿಟಾರಿನ ಜೊತೆ

ಮುಂಬಯಿಯಲ್ಲಿಯೇ ಹುಟ್ಟಿ ಬೆಳೆದ ನನ್ನ ಮಗಳು ಕಳೆದ ರಾಜ್ಯೋತ್ಸವದಂದು ಸಂಘದ ವೇದಿಕೆಯಲ್ಲಿ ಭಾವಗೀತೆಯೊಂದನ್ನು ಹಾಡಲು ಒಪ್ಪಿದಳು. ಆದರೆ ಗಿಟಾರ್ ನುಡಿಸುತ್ತಲೇ ಹಾಡುವೆನೆಂದು ಪಟ್ಟುಹಿಡಿದಳು. ಆಕೆಗೆ ಕಾರ್ಡುಗಳು ಗೊತ್ತು, ಹಾಡು ಗೊತ್ತಿಲ್ಲ. ನನಗೆ ಹಾಡು ಗೊತ್ತು, ಕಾರ್ಡುಗಳು ಗೊತ್ತಿಲ್ಲ. ಯಾವ ಸಾಲಿಗೆ ಯಾವ ಕಾರ್ಡು ಎಂಬುದನ್ನು ನಾವಿಬ್ಬರೂ ಕೂಡಿ ಕಂಡುಕೊಂಡ ಬಗೆಯನ್ನು ಓದುಗರ ಮುಂದಿಡುತ್ತಿದ್ದೇನೆ.

ಕಾರ್ಡು ಎಂದರೆ ಏಕಕಾಲಕ್ಕೆ ಮೊಳಗುವ ಸ್ವರಗಳ ಗೊಂಚಲು. ಸಾಮಾನ್ಯವಾಗಿ ಮೂರು ಸ್ವರಗಳದು. ಮೊದಲು ಹಾಡಿನ ಷಡ್ಜವನ್ನು ಗುರುತಿಸಬೇಕು. ಬಹುಪಾಲು ಹಾಡುಗಳಲ್ಲಿ ಪಲ್ಲವಿ ಕೊನೆಗೆ ವಿಶ್ರಮಿಸುವ ಸ್ವರವೇ ಅದು. ಅದನ್ನು ಗಿಟಾರಿನ 'ಸಿ' ಎಂದು ಇಟ್ಟುಕೊಳ್ಳೋಣ. ಶಂಕರಾಭರಣದ ಸ್ವರಗಳುಳ್ಳ ಹಾಡಿಗೆ ಮೂರು ಕಾರ್ಡುಗಳು ಸಾಕು. ಸಿ ಮೇಜರ್‌ನಲ್ಲಿ ಸ-ಗ-ಪ, ಎಫ್ ಮೇಜರ್‌ನಲ್ಲಿ ಮ-ದ-ಸ, ಜಿ ಮೇಜರ್‌ನಲ್ಲಿ ಪ-ನಿ-ರಿ ಇವೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಸಪ್ತಸ್ವರಗಳೂ ಈ ಮೂರು ಖಾತೆಗಳಲ್ಲಿ ಜಮೆಯಾದವು! ಗಾಂಧಾರಕ್ಕೆ ಸಿ, ಮಧ್ಯಮ-ಧೈವತಗಳಿಗೆ ಎಫ್, ರಿಷಭ-ನಿಷಾದಗಳಿಗೆ ಜಿ. ಷಡ್ಜ, ಪಂಚಮಗಳಿಗೆ ಮಾತ್ರ ಎರಡೆರಡು ಖಾತೆ. ಅಲ್ಲಿ ಕಿವಿಯೇ ತೀರ್ಪುಗಾರ.

ಪ್ರತಿ ಸ್ವರಕ್ಕೂ ಕಾರ್ಡು ಬದಲಿಸಬೇಕಾಗಿಲ್ಲ. ತಾಳದ ಪೆಟ್ಟು ಬೀಳುವೆಡೆ ನೀಳವಾಗಿ ನಿಲ್ಲುವ ಸ್ವರವನ್ನಷ್ಟೇ ಗಮನಿಸಬೇಕು. ಹಾಡು ನಾಲ್ಕು ಆವರ್ತಗಳಲ್ಲಿ ಕ್ರಮವಾಗಿ ಗ, ದ, ರಿ, ಸ ಎಂದು ನಿಂತರೆ ಸಿ, ಎಫ್, ಜಿ, ಸಿ ನುಡಿಸಬೇಕು. ಕೊನೆಯ ಷಡ್ಜಕ್ಕೆ ಎಫ್ ಕೂಡ ಹೊಂದುವುದಾದರೂ, ಹಾಡು ಮನೆಗೆ ಮರಳಿದಂತೆನಿಸುವುದು ಸಿ ಕಾರ್ಡಿನಿಂದಲೇ.

ಸಿ ಶ್ರುತಿ ಮಗಳ ಕಂಠಕ್ಕೆ ತಗ್ಗೆನಿಸಿತು. ಎರಡನೆಯ ಫ್ರೆಟ್ಟಿಗೆ ಕ್ಯಾಪೊ ಬಿಗಿದಾಗ, ಬೆರಳುಗಳ ವಿನ್ಯಾಸ ಬದಲಾಗದೆ ಶ್ರುತಿ 'ಡಿ'ಗೆ ಏರಿತು.

ಒಂದು ಎಚ್ಚರಿಕೆ ಅವಶ್ಯ. ಕಾರ್ಡುಗಳು ನಮ್ಮ ರಾಗಪದ್ಧತಿಯಲ್ಲಿ ಹುಟ್ಟಿದವಲ್ಲ. ಮೋಹನದಲ್ಲಿ ಮಧ್ಯಮ, ನಿಷಾದಗಳಿಲ್ಲ. ಎಫ್ ಮಧ್ಯಮವನ್ನೂ, ಜಿ ನಿಷಾದವನ್ನೂ ತಂದು ತುರುಕುತ್ತವೆ. ಅಂಥಲ್ಲಿ, ಹಾಗೂ ಗಮಕಗಳು ತುಂಬಿದೆಡೆ, ಸ-ಪ ತಂತಿಗಳನ್ನಷ್ಟೇ ತಂಬೂರಿಯಂತೆ ಮೀಟುವುದು ಲೇಸು. ಜೊತೆಗಾರನಿಗೆ ಮೌನವೂ ತಿಳಿದಿರಬೇಕು.

ನಾನು ಸಾಲುಸಾಲಾಗಿ ಹಾಡಿದೆ, ಆಕೆ ಹುಡುಕಿದಳು. ಸ್ವರ ಎಲ್ಲಿ ನಿಲ್ಲುತ್ತದೆಂದು ತಿಳಿಯಲು ಮಾತು ಎಲ್ಲಿ ನಿಲ್ಲುತ್ತದೆಂದು ತಿಳಿಯಬೇಕಾಯಿತು. ಹೀಗೆ ಪದಗಳ ಅರ್ಥವನ್ನೂ ಕೇಳತೊಡಗಿದಳು. ಕನ್ನಡ ಕಲಿಸಲು ನಾನು ಅದುವರೆಗೆ ಹೂಡಿದ ಉಪಾಯಗಳಾವುವೂ ಇಷ್ಟು ಫಲಿಸಿರಲಿಲ್ಲ. ಮನೆಯಲ್ಲಿ ಗಿಟಾರ್ ಹಿಡಿದ ಮಕ್ಕಳಿರುವ ಹಿರಿಯರು ಒಂದು ಭಾನುವಾರ ಅವರ ಪಕ್ಕದಲ್ಲಿ ಕುಳಿತು ತಮಗೆ ಬರುವ ಹಾಡೊಂದನ್ನು ಹಾಡಿ ನೋಡಲೆಂದು ನನ್ನ ವಿನಂತಿ.