ಮಟಿಲ್ಡಾ ರಾಣಿಯ ಮಾತಿನ ಬಲ

ರಾಜಕುಮಾರಿಯರ ವಿವಾಹವೆಂದರೆ ರಾಜ್ಯಗಳ ನಡುವಣ ಒಪ್ಪಂದವೆಂದೇ ಎಣಿಸಲ್ಪಡುತ್ತಿದ್ದ ಕಾಲದಲ್ಲಿ, ತನ್ನ ಬದುಕಿನ ನಿರ್ಣಯಕ್ಕೆ ತಾನೇ ಸಾಕ್ಷಿ ನುಡಿದು ಇಂಗ್ಲೆಂಡಿನ ಪಟ್ಟದರಸಿಯಾದವಳು ಸ್ಕಾಟ್ಲೆಂಡಿನ ಮಟಿಲ್ಡಾ.

ದೊರೆ ಮೂರನೆಯ ಮಾಲ್ಕಮನಿಗೂ, ಮುಂದೆ ಸಂತಳೆಂದು ಪೂಜಿತಳಾದ ಮಾರ್ಗರೆಟ್ ರಾಣಿಗೂ ಮಗಳಾಗಿ 1080ರ ಸುಮಾರಿನಲ್ಲಿ ಜನಿಸಿದ ಈಕೆ, ಬಾಲ್ಯವನ್ನು ಇಂಗ್ಲೆಂಡಿನ ಸನ್ಯಾಸಿನಿಯರ ಮಠಗಳಲ್ಲಿ ಕಳೆದಳು. ತಾಯಿಯ ಕಡೆಯಿಂದ ಇಂಗ್ಲೆಂಡಿನ ಪ್ರಾಚೀನ ರಾಜವಂಶದ ರಕ್ತ ಈಕೆಯಲ್ಲಿದ್ದುದರಿಂದ, 1100ರಲ್ಲಿ ಪಟ್ಟವೇರಿದ ನಾರ್ಮನ್ ದೊರೆ ಒಂದನೆಯ ಹೆನ್ರಿ, ಈ ಸಂಬಂಧದಿಂದ ತನ್ನ ಪ್ರಭುತ್ವ ಸ್ಥಿರಗೊಳ್ಳುವುದೆಂದು ಬಗೆದು, ಈಕೆಯನ್ನು ವರಿಸಲಿಚ್ಛಿಸಿದನು. ಆದರೆ ಮಠದಲ್ಲಿ ಮುಸುಕು ಧರಿಸಿದ್ದವಳು ಸನ್ಯಾಸಿನಿಯೇ ಅಲ್ಲವೆ ಎಂಬ ಆಕ್ಷೇಪವೆದ್ದಿತು. ಆಗ ಆಕೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮನ ಸನ್ನಿಧಿಗೆ ಸ್ವತಃ ಹೋಗಿ, ನಾರ್ಮನರ ಕಾಮುಕತೆಯಿಂದ ತನ್ನನ್ನು ಕಾಪಾಡಲೆಂದು ತಾಯಿಯ ಸೋದರಿ ಕ್ರಿಸ್ಟಿನಾ ತಲೆಯ ಮೇಲೆ ಕಪ್ಪು ಬಟ್ಟೆಯನ್ನು ಬಲಾತ್ಕಾರವಾಗಿ ಹೊದಿಸುತ್ತಿದ್ದಳೆಂದೂ, ಬೇಡವೆಂದರೆ ಹೊಡೆಯುತ್ತಿದ್ದಳೆಂದೂ, ಆಕೆ ಕಣ್ಮರೆಯಾದೊಡನೆ ತಾನು ಅದನ್ನು ಕಿತ್ತೆಸೆದು ಕಾಲಿನಿಂದ ತುಳಿಯುತ್ತಿದ್ದೆನೆಂದೂ ಬಿನ್ನವಿಸಿಕೊಂಡಳು. ಧರ್ಮಸಭೆ ವಿಚಾರಣೆ ನಡೆಸಿ ಆಕೆಯನ್ನು ಸ್ವತಂತ್ರಳೆಂದು ಸಾರಿತು. 1100ರ ನವೆಂಬರ್ 11ರಂದು ವಿವಾಹವು ನೆರವೇರಿತು.

ತನಗಾಗಿ ಮಾತನಾಡಿ ಗೆದ್ದ ಈ ರಾಣಿ, ಆ ಮಾತನ್ನು ಇತರರಿಗಾಗಿಯೂ ಬಳಸಿದಳು. ಬಿಷಪ್ಪರನ್ನು ಪೀಠಸ್ಥರನ್ನಾಗಿಸುವ ಹಕ್ಕಿನ ವಿವಾದದಲ್ಲಿ ಆನ್ಸೆಲ್ಮನು ದೇಶದಿಂದ ಹೊರಗುಳಿದಾಗ, ಆತನಿಗೆ ಲ್ಯಾಟಿನ್‌ನಲ್ಲಿ ಪತ್ರಗಳನ್ನು ಬರೆದು, ಗಂಡನ ಹಟವನ್ನೂ ಗುರುವಿನ ನಿಷ್ಠೆಯನ್ನೂ ಸಂಧಾನಗೊಳಿಸಲು ಯತ್ನಿಸಿದಳು. ಹೆನ್ರಿ ನಾರ್ಮಂಡಿಯಲ್ಲಿದ್ದಾಗ ರಾಜ್ಯದ ವ್ಯವಹಾರಗಳನ್ನು ತಾನೇ ನಡೆಸಿ, ಶಾಸನಪತ್ರಗಳಿಗೆ ತನ್ನ ಮುದ್ರೆಯನ್ನೊತ್ತಿದಳು. ಲಂಡನ್ನಿನ ಹೊರಗೆ ಕುಷ್ಠರೋಗಿಗಳಿಗಾಗಿ ಸಂತ ಗೈಲ್ಸನ ಹೆಸರಿನ ಆಸ್ಪತ್ರೆಯನ್ನೂ, ಲೀ ನದಿಗೆ ಕಲ್ಲಿನ ಸೇತುವೆಯನ್ನೂ ಕಟ್ಟಿಸಿದಳು. ಕುಷ್ಠರೋಗಿಗಳ ಪಾದಗಳನ್ನು ಆಕೆಯೇ ತೊಳೆದು ಚುಂಬಿಸುವುದನ್ನು ಕಂಡ ತಮ್ಮ ಡೇವಿಡ್ ಬೆಚ್ಚಿಬಿದ್ದನೆಂಬ ವೃತ್ತಾಂತವುಂಟು. ಮಾಮ್ಸ್‌ಬರಿಯ ವಿಲಿಯಮನು ಆಂಗ್ಲ ಅರಸರ ಚರಿತ್ರೆಯನ್ನು ಬರೆಯಲು ತೊಡಗಿದ್ದಕ್ಕೂ ಈಕೆಯ ಪ್ರೇರಣೆಯೇ ಕಾರಣ.

1118ರ ಮೇ 1ರಂದು ಮಟಿಲ್ಡಾ ತೀರಿಕೊಂಡಳು. ಮಗ ವಿಲಿಯಮ್ 1120ರಲ್ಲಿ ಸಮುದ್ರದ ಪಾಲಾದನಾದರೂ, ಮಗಳ ಮಗ ಎರಡನೆಯ ಹೆನ್ರಿ 1154ರಲ್ಲಿ ಸಿಂಹಾಸನವೇರಿ, ಅಜ್ಜಿಯ ಪ್ರಾಚೀನ ವಂಶವನ್ನು ನಾರ್ಮನ್ ಪ್ರಭುತ್ವದೊಡನೆ ಬೆಸೆದನು. ಆದರೂ ಆಕೆಯ ಹಿರಿಮೆಯನ್ನು ವಂಶಾವಳಿಯಿಂದ ಮಾತ್ರ ಅಳೆಯುವುದು ಅನ್ಯಾಯ. ಖಡ್ಗವನ್ನಾಗಲಿ ಸೈನ್ಯವನ್ನಾಗಲಿ ನೆಚ್ಚದೆ, ವಿನಂತಿ, ಪತ್ರ, ದಾನಗಳೆಂಬ ಸಾಧನಗಳಿಂದಲೇ ರಾಜ್ಯದ ಗತಿಯನ್ನು ತಿದ್ದಬಹುದೆಂದು ಆಕೆ ತೋರಿಸಿಕೊಟ್ಟಳು.